ಹುಣಸೆಮರದ ಬಳಿ ಐದು ನಿಮಿಷ

ಆ ರಾತ್ರಿ ಯಜಮಾನರು ನಕ್ಕರೋ ಕೆಮ್ಮಿದರೋ ನನಗೆ ಈಗಲೂ ಖಾತ್ರಿಯಿಲ್ಲ. ಈ ಪ್ರಸಂಗವನ್ನು ಹಲವರಿಗೆ ಹೇಳಿದ್ದೇನೆ. ಕೇಳುವವರು ನಗುವವರಾದರೆ ನನ್ನ ಕಥೆಯಲ್ಲಿ ಯಜಮಾನರೂ ನಕ್ಕಿರುತ್ತಾರೆ. ಸಂಖ್ಯಾಶಾಸ್ತ್ರ ಓದಿ, ಅದನ್ನೇ ಕಲಿಸಿ, ಯಾರು ಏನೇ ಹೇಳಿದರೂ ಆಧಾರ ಕೇಳುತ್ತ ಬಂದವನಿಗೆ ಸ್ವಂತ ನೆನಪೇ ಆಧಾರ ಕೊಡದಿರುವುದು ತಕ್ಕ ಶಾಸ್ತಿ.

ಯಜಮಾನರದ್ದು ಮಧುಗಿರಿಯಲ್ಲಿ ಖಾಸಗಿ ಬಸ್ಸಿನ ವ್ಯವಹಾರ. ಕೊರಟಗೆರೆಗೆ, ಶಿರಾಕ್ಕೆ, ಪಾವಗಡಕ್ಕೆ ಅವರ ಬಸ್ಸುಗಳು ಓಡುತ್ತಿದ್ದವು. ಅವರ ಸೊಸೆ ನನ್ನ ಹಳೆಯ ವಿದ್ಯಾರ್ಥಿನಿ. ಪಾವಗಡದ ಬಸ್ಸುಗಳು ಡೀಸೆಲ್ಲಿಗಾಗುವಷ್ಟೂ ದುಡಿಯುತ್ತಿಲ್ಲವೆಂದು ಆ ಪರ್ಮಿಟ್ಟುಗಳನ್ನು ಶಿರಾದ ಒಬ್ಬರಿಗೆ ಬಿಟ್ಟುಕೊಡಲು ಮಾವ ಹೊರಟಿದ್ದರು. ಯುಗಾದಿವರೆಗೆ ತಡೆಯಿರಿ, ನಾನು ನಡೆಸಿ ತೋರಿಸುತ್ತೇನೆ ಎಂದು ಸೊಸೆ ಪಟ್ಟು ಹಿಡಿದಳು. ಹಬ್ಬ ಕಳೆದ ಮೇಲೆ ಆ ಮಾರ್ಗ ಅವಳದ್ದು, ಇಲ್ಲವೇ ಶಿರಾದವರದ್ದು. ಅದಕ್ಕೇ ನನಗೆ ಕರೆ ಬಂತು.

ಟಿಕೆಟ್ ಯಂತ್ರಗಳಲ್ಲಿ ವರ್ಷಗಟ್ಟಲೆ ಸೇರಿದ ಲಕ್ಷಾಂತರ ಟಿಕೆಟ್ಟುಗಳಿದ್ದವು. ಯಾವ ಬಸ್ಸು ಯಾವ ಹೊತ್ತಿಗೆ ಎಲ್ಲಿತ್ತೆಂದು ಜಿಪಿಎಸ್ ಕ್ಷಣಕ್ಷಣಕ್ಕೂ ಹಾಕಿಟ್ಟ ಗುರುತುಗಳಿದ್ದವು. ಇದಕ್ಕೆ ಬಿಗ್ ಡೇಟಾ ಎನ್ನುತ್ತಾರೆ ಎಂದು ಯಜಮಾನರಿಗೆ ವಿವರಿಸಿದೆ. ಅವರು ನನ್ನ ಲ್ಯಾಪ್‌ಟಾಪನ್ನು ಹಿಂದೆ ಮುಂದೆ ನೋಡಿ, "ದೊಡ್ದು ಅಂತೀರ ಮೇಷ್ಟ್ರೇ, ಇಷ್ಟರಾಗೆ ಹಿಡ್ದೈತಲ್ಲ" ಎಂದರು.

ಎಲ್ಲವನ್ನೂ ಸೋಸಿ ಒಂದು ವರ್ಷದಲ್ಲಿ ಸಮಗ್ರ ವರದಿ ಕೊಡುವುದು ನನ್ನ ಯೋಜನೆ. ಒಂದು ವರ್ಷವಾದರೆ ಬಸ್ಸೇ ಇರುವುದಿಲ್ಲ ಸರ್ ಎಂದಳು ಅವಳು. ಅವಳ ದಾರಿ ಸಾಫ್ಟ್‌ವೇರಿನವರು ಅಜೈಲ್ ಎನ್ನುವ ಪದ್ಧತಿ. ಹದಿನೈದು ದಿನಕ್ಕೆ ಒಂದೇ ಸಣ್ಣ ಪ್ರಶ್ನೆ. ಸಿಕ್ಕ ಉತ್ತರವನ್ನು ರಸ್ತೆಯ ಮೇಲೆ ಪರೀಕ್ಷಿಸುವುದು. ತಪ್ಪಾಗಿದ್ದರೆ ತಿದ್ದಿಕೊಂಡು ಮುಂದಿನ ಪ್ರಶ್ನೆಗೆ ಹೋಗುವುದು. ದಿನಾ ಬೆಳಗ್ಗೆ ಆಫೀಸಿನ ಮುಂದೆ ನಿಂತೇ ಸಭೆ ಮಾಡಬೇಕೆಂಬ ನಿಯಮವೂ ಇತ್ತು. ನಿಂತರೆ ಮಾತು ಉದ್ದವಾಗುವುದಿಲ್ಲವಂತೆ. ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಮಾತಾಡಿಸಿದರೆ ನೋಡಿದವರು ಏನೆಂದಾರು ಎಂದು ಯಜಮಾನರು ಮೊದಲ ದಿನವೇ ಕುರ್ಚಿ ತರಿಸಿದರು. ಕುರ್ಚಿಯ ಹಿಂದೆ ಕಾಫಿ ಬಂತು, ಕಾಫಿಯ ಹಿಂದೆ ಕೊಳಾಲದ ಬೀಗರ ಸುದ್ದಿ ಬಂತು. ಆಮೇಲೆ ಆ ನಿಯಮದ ಪ್ರಸ್ತಾಪ ಯಾರೂ ಮಾಡಲಿಲ್ಲ.

ಮೊದಲ ಪ್ರಶ್ನೆ: ಪಾವಗಡದ ದಾರಿಯಲ್ಲಿ ಜನ ಹೆಚ್ಚಾಗಿ ಇಳಿಯುವುದೆಲ್ಲಿ? ಡೇಟಾ ಕೊಟ್ಟ ಉತ್ತರ ಮಿಡಿಗೇಶಿ ದಾಟಿದ ಮೇಲೆ ಬರುವ ಒಂದು ಸ್ಟಾಪು. ಅಲ್ಲಿ ಹುಣಸೆಮರವೊಂದು ಬಿಟ್ಟರೆ ಮನೆ, ಅಂಗಡಿ ಏನೂ ಇಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಕಂಪ್ಯೂಟರ್ ಹೇಳಿದ್ದರಿಂದ ನಂಬಿದೆ. ಸುತ್ತಲಿನ ಹಳ್ಳಿಗಳಿಗೆ ಆ ಜಾಗ ಕೂಡುದಾರಿಯಾಗಿ ಬೆಳೆಯುತ್ತಿದೆ ಎಂದು ಬಣ್ಣದ ಚಾರ್ಟು ಮಾಡಿ ವಾದಿಸಿದೆ. ಸಂಜೆಯ ಬಸ್ಸು ಒಂದು ವಾರ ಅಲ್ಲಿ ಐದು ನಿಮಿಷ ಕಾಯಲಿ, ಜನ ಸೇರುತ್ತಾರೋ ನೋಡೋಣ ಎಂದು ತೀರ್ಮಾನವಾಯಿತು. ಈ ಐದು ನಿಮಿಷ ಯಾರ ಸಲಹೆಯೆಂದು ಈಗ ಕೇಳಿದರೆ ನಾನೂ ಅವಳೂ ಉದಾರವಾಗಿ ಪರಸ್ಪರರಿಗೆ ಬಿಟ್ಟುಕೊಡುತ್ತೇವೆ.

ಆ ವಾರದ ಒಂದು ಸಂಜೆ ನಾವಿಬ್ಬರೂ ಅದೇ ಬಸ್ಸು ಹತ್ತಿದೆವು. ಮರದ ಬಳಿ ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನಾಗಲಮಡಿಕೆಯ ಹೆಂಗಸೊಬ್ಬಳು ಕಂಡಕ್ಟರನನ್ನು ತೆಲುಗು ಬೆರೆಸಿ ಕೇಳಿದಳು: "ಏಮಪ್ಪಾ, ಮರಕ್ಕೂ ಟಿಕೆಟ್ ಹರೀತೀಯಾ? ಹತ್ತಿಸ್ಕೊಂಬುಡು ಮತ್ತೆ, ಪೋದಾಂ, ಹೊರಡು."

ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯಾಚೆ ನೋಡಿದೆ. ಬಸ್ಸು ಹೊರಟ ಮೇಲೆ ನನ್ನ ವಿದ್ಯಾರ್ಥಿನಿ ಕಂಡಕ್ಟರನ ಪಕ್ಕಕ್ಕೆ ಹೋಗಿ ನಿಂತು ಅವನ ಕೈಯ ಯಂತ್ರವನ್ನು ಗಮನಿಸತೊಡಗಿದಳು. ಮಿಡಿಗೇಶಿಯಲ್ಲಿ ಹತ್ತಿ ಇನ್ನೂ ಟಿಕೆಟ್ ಆಗದವರಲ್ಲಿ, ಮರದ ಮುಂದಿನ ಊರಿನವರಿಗೂ ಅದರ ಮುಂದಿನ ಊರಿನವರಿಗೂ ಅವನು ಮರದ ಸ್ಟಾಪಿನ ಟಿಕೆಟ್ಟನ್ನೇ ಕೊಡುತ್ತಿದ್ದ. ಯಾಕಣ್ಣ ಹೀಗೆ ಎಂದು ಕೇಳಿದಳು.

"ಮೂರಕ್ಕೂ ಒಂದೇ ಚಾರ್ಜು ಕಣಮ್ಮ, ಮಿಶಿನ್ನಾಗೆ ಮರದ್ದೇ ಮೊದ್ಲು ಬರ್ತೈತೆ. ಕಾಸು ಸರಿಯಾಗ್ತೈತೆ. ಸುಮ್ಕೆ ಯಾಕೆ ಬೆರಳು ಸವೆಸೋದು?"

ಎಲ್ಲ ಕಂಡಕ್ಟರುಗಳೂ ಹಾಗೆಯೇ ಮಾಡುತ್ತಿದ್ದರು. ನನ್ನ ಕೂಡುದಾರಿ ಒತ್ತದೆ ಬಿಟ್ಟ ಗುಂಡಿಗಳಿಂದ ಬೆಳೆದಿತ್ತು.

ಮಧುಗಿರಿಗೆ ಮರಳಿದ ಕೂಡಲೇ ಅವಳು ಮಾವನಿಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಶಿರಾದವರಿಗೆ ಇವತ್ತೇ ಫೋನು ಹೋಗುತ್ತದೆಂದು ನಾನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡೆ. ನಗುವೋ ಕೆಮ್ಮೋ ಬಂದದ್ದು ಆಗಲೇ.

"ಕೊಳಾಲದಿಂದ ಶಿರಾಕ್ಕೆ ನೆಟ್ಟಗೆ ಒಂದು ಬಸ್ ಬುಟ್ಟಿದ್ದೆ ಕಣಮ್ಮ, ನಿನ್ನ ಮದುವೆಗೆ ಮುಂಚೆ," ಎಂದರು. "ಹೊಸ ಬಸ್ಸು. ಜನ ಬರ್ತಾರೆ ಅಂತ ನಂಗೊಬ್ಬಂಗೇ ಅನ್ಸಿತ್ತು. ಖಾಲಿ ಓಡ್ತಿದ್ರೂ ನಿಲ್ಸಿದ್ರೆ ಮರ್ವಾದೆ ಹೋಯ್ತದೆ ಅಂತ ವರ್ಸಾನುಗಟ್ಟಲೆ ಓಡಿಸ್ದೆ. ನಿಂದು ತಪ್ಪು ಅಂತ ಒಂದು ವಾರಕ್ಕೇ ಗೊತ್ತಾಗೋಯ್ತಲ್ಲ."

ಕೊನೆಗೆ, "ಇನ್ನೊಂದು ಹದಿನೈದು ದಿನ ನೋಡು. ಆಮೇಲೆ ಇನ್ನೊಂದು ಹದಿನೈದು. ಶಿರಾದೋರಿಗೆ ನಾನು ಹೇಳ್ಕತೀನಿ" ಎಂದರು. ನನ್ನ ಕಡೆ ತಿರುಗಿ, ಆ ಚಾರ್ಟಿನ ಬಣ್ಣ ಮಾತ್ರ ಚೆನ್ನಾಗಿದೆ, ಆಫೀಸಿನ ಗೋಡೆಗೆ ಅಂಟಿಸಲೇ ಎಂದೂ ಕೇಳಿದರು. ಅಂಟಿಸಿದರೋ ಇಲ್ಲವೋ ನೆನಪಿಲ್ಲ.

ಅವರು ಆ ರಾತ್ರಿಯೇ ಶಿರಾಕ್ಕೆ ಫೋನು ಮಾಡಿದರೆಂದು ನನ್ನ ನೆನಪು. ಹಬ್ಬ ಮುಗಿಸಿ ಮಾಡಿದರೆಂದು ಅವಳ ನೆನಪು. ಯಾವುದು ಸರಿಯೋ ಗೊತ್ತಿಲ್ಲ. ಒಂದನ್ನು ಮಾತ್ರ ಈಚೆಗೆ ಪಾವಗಡದ ಬಸ್ ನಿಲ್ದಾಣಕ್ಕೆ ನಾನೇ ಹೋಗಿ ನೋಡಿ ಬಂದೆ. ಸಂಜೆಯ ಬಸ್ಸಿನ ಮಗ್ಗುಲಲ್ಲಿ ಪರ್ಮಿಟ್‌ದಾರರು ಎಂದು ಬರೆದಿರುವ ಕಡೆ ಇರುವುದು ಅವಳ ಹೆಸರು.