ಶನಿವಾರದ ರಸಾಯನ

ಪಕ್ಕದ ಮನೆಯ ಪುಟ್ಟಕ್ಕ ದೇವಸ್ಥಾನದಿಂದ ತಂದುಕೊಟ್ಟ ರಸಾಯನ ಅಡುಗೆಮನೆಯ ಕಟ್ಟೆಯ ಮೇಲಿದೆ. ಮುಚ್ಚಳ ಹಾಕಿದ್ದರೂ ಬೆಲ್ಲ, ಏಲಕ್ಕಿ, ಮಾಗಿದ ಬಾಳೆಹಣ್ಣಿನ ವಾಸನೆ ನಡುಮನೆವರೆಗೆ ಬಂದು ನನ್ನನ್ನು ಕರೆಯುತ್ತಿದೆ. ನೀವಾಗಿದ್ದರೆ ಇಷ್ಟು ಹೊತ್ತಿಗೆ ಬಟ್ಟಲು ಖಾಲಿ ಮಾಡಿರುತ್ತಿದ್ದಿರಿ. ನಾನು ಮಾತ್ರ ಕುರ್ಚಿಯಲ್ಲಿ ಕೂತು, ಇದೇ ರಸಾಯನ ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಮಾಡಿದ ಅವಾಂತರವನ್ನು ನೆನೆಯುತ್ತಿದ್ದೇನೆ.

ಅಮ್ಮನಿಗೆ ಆಗ ಎಪ್ಪತ್ತೆರಡು. ತೋವಿನಕೆರೆಯ ನಮ್ಮ ಬೀದಿಯಲ್ಲಿ ಹುಣಸೆಹಣ್ಣು ಬಿಡಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಕಾಲ ಬಂತೆಂದರೆ ನಾಲ್ಕಾರು ಹೆಂಗಸರು ನಮ್ಮ ಜಗಲಿಯ ಮೇಲೆ ಸೇರುವರು. ಅಮ್ಮನ ಗುಡ್ಡೆಯಲ್ಲಿ ಒಂದು ಬೀಜ, ಒಂದು ನಾರು ಹುಡುಕಿದರೂ ಸಿಗುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದ ಮೇಲೆ ಅದು ತಪ್ಪಿತು. ಒಂದು ಮಧ್ಯಾಹ್ನ ನೀರು ಕುಡಿಯಲು ಒಳಗೆ ಬಂದವಳು ವಾಪಸ್ಸು ಹೋಗುವಾಗ ಬಾಗಿಲಲ್ಲೇ ನಿಂತುಬಿಟ್ಟಳು. ಹೊರಗೆ ಪುಟ್ಟಕ್ಕ ಅಮ್ಮನ ಗುಡ್ಡೆಗೆ ಕೈಹಾಕಿ, ಉಳಿದ ಬೀಜಗಳನ್ನು ಗುಟ್ಟಾಗಿ ಆರಿಸುತ್ತಿದ್ದಳು. ಅಮ್ಮನಿಗೆ ಅದು ಕಾಣಲಿಲ್ಲ. ಬೀಜ ತಟ್ಟೆಗೆ ಬೀಳುವುದು ಕೇಳಿಸಿತು.

ಮಾರನೆಯ ದಿನದಿಂದ ಅವಳು ಜಗಲಿಗೆ ಹೋಗಲಿಲ್ಲ. "ಕೈ ನೋಯ್ತದೆ ಕಣಪ್ಪ" ಅಂದಳು. ಕೈನೋವಲ್ಲ ಎಂದು ನನಗೂ ಗೊತ್ತಿತ್ತು.

ಮಧುಗಿರಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರಮ್ಮ ನೋಡಿ, "ಪೊರೆ ತೆಗೆದ್ರೆ ಚೆನ್ನಾಗಿ ಕಾಣುತ್ತೆ. ಆದ್ರೆ ಶುಗರ್ ಇನ್ನೂರರ ಕೆಳಗೆ ಬರ್ಲಿ. ಅಲ್ಲೀವರೆಗೂ ನಾನು ಕಣ್ಣು ಮುಟ್ಟಲ್ಲ" ಎಂದರು. ಅಮ್ಮನ ಶುಗರ್ ಮುನ್ನೂರರ ಮೇಲೆ ಮನೆ ಕಟ್ಟಿಕೊಂಡು ಕೂತಿತ್ತು. ಮಾತ್ರೆ ಸಾಲದೆ ಇನ್ಸುಲಿನ್ ಶುರುವಾಯಿತು. ಬೆಳಿಗ್ಗೆ ಒಂದು ಸೂಜಿ, ಸಂಜೆ ಒಂದು. ಚುಚ್ಚುವ ಕೆಲಸ ನನಗೆ ಬಂತು.

ಹೇಳಿಕೊಳ್ಳಲು ನಾಚಿಕೆ. ನಾನು ಮನೆಮನೆಗೂ ಹೋಗಿ ಕರೆಂಟಿನ ಮೀಟರ್ ಓದುವವನು. ಇಡೀ ಹೋಬಳಿಯ ನಾಯಿಗಳಿಗೆ ಹೆದರದವನು, ಕೂದಲೆಳೆಯಂಥ ಸೂಜಿಗೆ ಹೆದರಿ ಮೂರು ಸಲ ಕೈ ಹಿಂದೆ ತೆಗೆದೆ. ಅಮ್ಮ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕಾದಳು, ಕಾದಳು.

"ಲೇ, ಚುಚ್ಚೋದಾದ್ರೆ ಚುಚ್ಚು, ಇಲ್ದಿದ್ರೆ ಬುಡು. ಮುದ್ದೆ ಆರೋಯ್ತದೆ."

ಮುದ್ದೆಯದೂ ಒಂದು ರಾಮಾಯಣವೇ. ಮುದ್ದೆ ತಿಂದವರಿಗೆ ಶುಗರ್ ಬರುವುದಿಲ್ಲ ಎನ್ನುವುದು ನಮ್ಮ ಕಡೆ ವೇದವಾಕ್ಯ. ಅದನ್ನು ನಂಬಿ ಅಮ್ಮ ಹೊತ್ತಿಗೆ ಎರಡೆರಡು ಮುದ್ದೆ ಇಳಿಸುತ್ತಿದ್ದಳು. ನನ್ನ ಹೆಂಡತಿ ಒಂದು ಸಣ್ಣ ತೆಂಗಿನ ಚಿಪ್ಪನ್ನು ಉಜ್ಜಿ ತೊಳೆದು, "ಅತ್ತೆ, ಇದಕ್ಕೆ ಹಿಡಿಸಿದಷ್ಟು ಮಾತ್ರ" ಎಂದು ಅಳತೆ ಇಟ್ಟಳು. ಉಳಿದ ಹಸಿವಿಗೆ ಸೊಪ್ಪು, ಹುರುಳಿಕಾಳು. ಒಂದು ವಾರ ಅತ್ತೆ ಸೊಸೆಗೆ ಮಾತಿರಲಿಲ್ಲ. ಆಮೇಲೆ ಎಲ್ಲ ಒಗ್ಗಿತು. ದಿನಾ ಬೆಳಿಗ್ಗೆ ಅಮ್ಮನ ಬೆರಳು ಚುಚ್ಚಿ, ಶುಗರ್ ಎಷ್ಟೆಂದು ನೋಟ್‌ಬುಕ್ಕಿನಲ್ಲಿ ಬರೆದೆ. ಇಳಿಯಿತು, ನೂರ ಎಪ್ಪತ್ತಕ್ಕೂ ಬಂತು; ನಡುವೆ ಒಂದೊಂದು ದಿನ ಏರಿದ್ದನ್ನು ನಾನು ಲೆಕ್ಕಕ್ಕಿಡಲಿಲ್ಲ.

ಆ ಡಾಕ್ಟರಮ್ಮ ಆಪರೇಷನ್ ಮಾಡುತ್ತಿದ್ದುದು ಭಾನುವಾರ. ಆಸ್ಪತ್ರೆಯಲ್ಲಿ ಹೇಗೂ ನೋಡುತ್ತಾರೆಂದು ಆ ಬೆಳಿಗ್ಗೆ ಮನೆಯಲ್ಲಿ ಬೆರಳು ಚುಚ್ಚದೆ ಖುಷಿಯಿಂದ ಹೋದೆವು. ಇನ್ನೂರ ತೊಂಬತ್ತು! ವಾಪಸ್ಸು ಕಳಿಸಿದರು. ತಿಂಗಳು ಬಿಟ್ಟು ಇನ್ನೊಂದು ಭಾನುವಾರ ಹೋದರೆ ಮುನ್ನೂರ ಹತ್ತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಹಣೇಲಿ ಕಣ್ಣು ಬರ್ದಿಲ್ಲ ಕಣ್ಲಾ" ಅಂದಳು. ಅವಳು ಅಳುವುದನ್ನು ನಾನು ನೋಡಿದ್ದೇ ಕಡಿಮೆ.

ಡಾಕ್ಟರಮ್ಮ ನೋಟ್‌ಬುಕ್ ತಿರುವಿ ಹಾಕುತ್ತಾ ಒಂದು ಕಡೆ ಬೆರಳಿಟ್ಟರು. "ವಾರವೆಲ್ಲ ಸರಿ ಇದೆ. ಭಾನುವಾರ ಬೆಳಿಗ್ಗೆ ಮಾತ್ರ ಏರುತ್ತೆ. ಶನಿವಾರ ನಿಮ್ಮನೇಲಿ ಏನ್ರೀ ನಡೆಯುತ್ತೆ?"

"ಏನೂ ನಡಿಯಲ್ಲ ಕಣಮ್ಮ. ತಿಮ್ಮಪ್ಪನ ಒಪ್ಪತ್ತು. ಮಧ್ಯಾಹ್ನ ಒಂದೊತ್ತು ಉಣ್ತೀನಿ, ಸಂಜೆ ಊಟನೇ ಇಲ್ಲ."

"ಸಂಜೆ ಇನ್ಸುಲಿನ್?"

ಉತ್ತರ ನಾನೇ ಕೊಡಬೇಕಾಯಿತು. "ಊಟ ಇಲ್ಲದೆ ಸೂಜಿ ಹಾಕಬಾರದು ಅಂತ ನರ್ಸಮ್ಮ ಹೇಳಿದ್ರಲ್ಲ ಮೇಡಂ. ಅದಕ್ಕೆ ಹಾಕಲ್ಲ."

"ಸಂಜೆ ಏನೂ ತಿನ್ನಲ್ವಾ ಅಜ್ಜಿ?"

"ಏನೂ ಇಲ್ಲ. ಒಂದೀಟು ರಸಾಯನ."

"ಎಷ್ಟು?"

ಅಮ್ಮ ಎರಡೂ ಕೈಗಳನ್ನು ಜೋಡಿಸಿ ತೋರಿಸಿದಳು. ಆ ಬೊಗಸೆಯಲ್ಲಿ ನಾಲ್ಕು ಬಾಳೆಹಣ್ಣು, ಒಂದು ಹಿಡಿ ಬೆಲ್ಲ ಆರಾಮವಾಗಿ ಹಿಡಿಸುತ್ತಿದ್ದವು. ನಾನು ಫ್ಯಾನು ನೋಡುತ್ತಾ ನಿಂತೆ. ಅವಳು ಬಿಟ್ಟಿದ್ದನ್ನು ಪ್ರಸಾದವೆಂದು ಪ್ರತಿ ಶನಿವಾರ ಬಳಿದು ತಿನ್ನುತ್ತಿದ್ದವನು ನಾನೇ. ಏನು ಮಾಡೋಣ ಹೇಳಿ, ನಮ್ಮಲ್ಲಿ ತಟ್ಟೆಗೆ ಮುದ್ದೆಯೋ ಅನ್ನವೋ ಬಿದ್ದರೆ ಮಾತ್ರ ಊಟ. ಮಿಕ್ಕಿದ್ದೆಲ್ಲ ಫಲಾರ, ಅದು ಲೆಕ್ಕಕ್ಕೇ ಇಲ್ಲ. ಅದರ ಮೇಲೆ, ಆಪರೇಷನ್ ಸುಸೂತ್ರವಾಗಲೆಂದು ಆ ಎರಡು ಶನಿವಾರ ಅಮ್ಮ ಇನ್ನೂ ಭಕ್ತಿಯಿಂದ, ಇನ್ನೂ ಎರಡು ಹಣ್ಣು ಹೆಚ್ಚು ಹಾಕಿ ರಸಾಯನ ಮಾಡಿದ್ದಳು.

ಶನಿವಾರ ಸಂಜೆಯೂ ಅಳತೆಯ ಊಟ, ಊಟಕ್ಕೆ ಮುಂಚೆ ಸೂಜಿ ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಐವತ್ತು ವರ್ಷದ ಒಪ್ಪತ್ತನ್ನು ಒಂದು ಚೀಟಿ ಬಿಡಿಸೀತೇ ಎಂದು ನನಗೆ ಅನುಮಾನ. ಅಮ್ಮ ಮನೆಗೆ ಬಂದವಳೇ ಕೈಕಾಲು ತೊಳೆದು ತಿಮ್ಮಪ್ಪನ ಪಟದ ಮುಂದೆ ನಿಂತಳು.

"ಅಪ್ಪಾ, ಇಷ್ಟು ದಿನ ನಿನ್ನೆಸ್ರಲ್ಲಿ ಮುದ್ದೆ ಬುಟ್ಟೆ. ಇನ್ಮ್ಯಾಕೆ ಬೆಲ್ಲ ಬುಡ್ತೀನಿ. ಮುದ್ದೆ ಬುಡೋದು ಏನು ಮಹಾ, ಬೆಲ್ಲ ಬುಡೋದೇ ಕಷ್ಟ. ನಿಂಗೂ ಗೊತ್ತು. ಕಣ್ಣು ಕೊಡು."

ಮುಗಿಯಿತು. ಡಾಕ್ಟರು, ನಾನು, ನನ್ನ ಹೆಂಡತಿ ಸೇರಿ ಮಾಡಲಾಗದ್ದನ್ನು ಒಂದು ಹರಕೆ ಮಾಡಿತು. ಆರು ವಾರದ ಮೇಲೆ ಭಾನುವಾರ ಬೆಳಿಗ್ಗೆ ಅಮ್ಮನ ಶುಗರ್ ನೂರ ಐವತ್ತೆಂಟು. ನಾನು ಆಸ್ಪತ್ರೆಯ ವರಾಂಡದಲ್ಲೇ ಕೂಗಿಬಿಟ್ಟೆ.

ಎರಡು ಕಣ್ಣಿಗೂ ಆಪರೇಷನ್ ಆಗಿ, ಹುಣಸೆ ಕಾಲ ಬಂದಾಗ ಅಮ್ಮ ಮತ್ತೆ ಜಗಲಿಗೆ ಬಂದು ಕೂತಳು. ತನ್ನ ಗುಡ್ಡೆ ಮುಗಿಸಿ, ಪುಟ್ಟಕ್ಕನ ಗುಡ್ಡೆಗೆ ಕೈಹಾಕಿ ಒಂದು ಬೀಜ ಎತ್ತಿ ಹಿಡಿದಳು. "ಇದೇನೇ ಪುಟ್ಟಿ? ಕಣ್ಣು ತೋರ್ಸ್ಕೊಳ್ಳೇ, ಮಧುಗಿರಿಲಿ ಒಳ್ಳೆ ಡಾಕ್ಟ್ರಮ್ಮ ಅವ್ರೆ." ಜಗಲಿಯೆಲ್ಲ ನಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪುಟ್ಟಕ್ಕ.

ಈಗ ಅಮ್ಮ ಸಿರಿಂಜಿನ ಗೀಟು ತಾನೇ ನೋಡಿಕೊಂಡು ತಾನೇ ಚುಚ್ಚಿಕೊಳ್ಳುತ್ತಾಳೆ. ನನ್ನ ಕೆಲಸ ಹೋಯಿತಲ್ಲ ಎಂದುಕೊಳ್ಳುವಷ್ಟರಲ್ಲಿ, ಹೋದ ತಿಂಗಳು ನನ್ನ ಬೆರಳು ಹಿಡಿದು ಎಳೆದು ಚುಚ್ಚಿದಳು. ಮಿಷನ್ನು ನೋಡಿ ಹುಬ್ಬೇರಿಸಿದಳು. "ಇದೇನ್ಲಾ, ನನ್ನ ಮೀರಿಸ್ಬುಟ್ಟಿದ್ದೀಯಲ್ಲಾ!"

ಇಷ್ಟಾದರೂ ಬುದ್ಧಿ ಬರಬೇಕಲ್ಲ. ಈಗಷ್ಟೇ ಎದ್ದು ಅಡುಗೆಮನೆಗೆ ಬಂದು, ಸದ್ದಾಗದಂತೆ ಬಟ್ಟಲಿನ ಮುಚ್ಚಳ ಎತ್ತಿದ್ದೇನೆ. ಜಗಲಿಯಿಂದ, ಅಷ್ಟು ದೂರದಿಂದ, ಅಮ್ಮನ ದನಿ:

"ಕಾಣ್ತೈತೆ ಕಣ್ಲಾ."

ಮುಚ್ಚಳ ಮುಚ್ಚಿದೆ. ನನ್ನ ಜೀವನದಲ್ಲಿ ಸಿಕ್ಕಿಬಿದ್ದು ಇಷ್ಟು ಸಂತೋಷಪಟ್ಟಿದ್ದು ಇದೇ ಮೊದಲು.