ಹುಳು ಹಣ್ಣಾದ ದಿನ ಕಂಡ ಕೈ

ನಾನು ರಾಮನಗರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ದೆವ್ವ, ಗಾಳಿ, ಶಕುನ ಎಂದು ಯಾರಾದರೂ ನನ್ನೆದುರು ಬಾಯಿ ತೆರೆದರೆ ಅವರು ಸಾಕಪ್ಪಾ ಅನ್ನುವವರೆಗೂ ಪ್ರಶ್ನೆ ಕೇಳುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಈ ವಿಷಯಕ್ಕೆ ನನಗೆ ಒಳ್ಳೆಯ ಹೆಸರೇನೂ ಇರಲಿಲ್ಲ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಖಂಡಿತ ನಂಬುತ್ತಿರಲಿಲ್ಲ. ನೀವು ನಂಬದಿದ್ದರೆ ನನಗೂ ಬೇಸರವಿಲ್ಲ.

ನನ್ನ ಅಕ್ಕನ ಮಗಳು ಚಂದನಾ ಕ್ರಿಕೆಟ್ಟಿನಲ್ಲಿ ಎಡಗೈ ಸ್ಪಿನ್ನರ್. ಹೊಂಗನೂರಿನಲ್ಲಿ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಟ್ಟಿ, ದಿನಾ ಚನ್ನಪಟ್ಟಣದ ಬಸ್ಸು ಹತ್ತಿಳಿದು ಆಟ ಕಲಿತು, ಕೆಲವು ವರ್ಷಗಳ ಹಿಂದೆ ದೇಶದ ಮಹಿಳಾ ತಂಡದೊಂದಿಗೆ ಮೊದಲ ಬಾರಿ ಆಸ್ಟ್ರೇಲಿಯಾಕ್ಕೆ ಹೋದಳು. ಊರಿನಲ್ಲಿ ಬ್ಯಾನರ್ ಕಟ್ಟಿದರು. ಅದರಲ್ಲಿ ಅವಳ ಮುಖಕ್ಕಿಂತ ಕಟ್ಟಿಸಿದವರ ಮುಖಗಳೇ ದೊಡ್ಡದಾಗಿದ್ದವು, ಅದಿರಲಿ.

ಅಲ್ಲಿಗೆ ಹೋದ ಮೇಲೆ ಅವಳಿಗೊಂದು ತೊಂದರೆ ಶುರುವಾಯಿತು. ಚೆಂಡು ಬಿಡಬೇಕಾದ ಗಳಿಗೆಯಲ್ಲಿ ಬೆರಳುಗಳು ಬಿಗಿದುಕೊಳ್ಳುತ್ತಿದ್ದವು. ಅಭ್ಯಾಸ ಪಂದ್ಯದಲ್ಲಿ ಒಂದು ಚೆಂಡು ಅವಳ ಕಾಲ ಬುಡದಲ್ಲೇ ಬಿತ್ತಂತೆ, ಇನ್ನೊಂದು ವಿಕೆಟ್ ಕೀಪರ್ ತಲೆಯ ಮೇಲೆ ಹಾರಿ ಹೋಯಿತಂತೆ. ಅವ್ವನಿಗೆ ಫೋನು ಮಾಡಿ ಅತ್ತಳು.

"ಚೆಂಡು ಕೈ ಬುಟ್ಟು ಹೋಯ್ತಾನೇ ಇಲ್ಲ ಕಣವ್ವ. ಶನಿವಾರದ ಮ್ಯಾಚಲ್ಲೂ ಹಿಂಗೇ ಆದ್ರೆ ಇನ್ ನನ್ನ ತಗಳಲ್ಲ."

ಅಕ್ಕ "ಊಟ ಮಾಡ್ದಾ ಮಗಾ?" ಎಂದು ಕೇಳಿದಳು.

ಶನಿವಾರ ಎಲ್ಲರೂ ಒಟ್ಟಿಗೆ ಕೂತು ಮ್ಯಾಚು ನೋಡೋಣವೆಂದು ನಾನು ಹಿಂದಿನ ದಿನವೇ ಹೊಂಗನೂರಿಗೆ ಹೋದೆ. ಬೆಳಿಗ್ಗೆ ಎದ್ದರೆ ಹುಳು ಲೆಕ್ಕಕ್ಕಿಂತ ಒಂದು ದಿನ ಮೊದಲೇ ಹಣ್ಣಾಗಿತ್ತು. ಸೊಪ್ಪು ತಿನ್ನುವುದನ್ನು ಬಿಟ್ಟು ಹುಳುವಿನ ಮೈ ಹೊಂಬಣ್ಣಕ್ಕೆ ತಿರುಗಿದರೆ ಹಣ್ಣಾಯಿತು ಎನ್ನುತ್ತಾರೆ. ಆಗ ಒಂದೊಂದನ್ನೇ ಆಯ್ದು, ಬಿದಿರಿನ ಸುತ್ತುಗಳಿರುವ ಚಂದ್ರಿಕೆಗೆ ಬಿಡಬೇಕು. ಅದರ ಮೇಲೆ ಅವು ಗೂಡು ಕಟ್ಟುತ್ತವೆ. ತಡಮಾಡಿದರೆ ತಟ್ಟೆಯ ಕಸದಲ್ಲೇ ನೂಲು ಬಿಟ್ಟು, ಪಟ್ಟ ಶ್ರಮವೆಲ್ಲ ಮಣ್ಣುಪಾಲು. ಹಾಗಾಗಿ ದೇಶಕ್ಕಾಗಿ ಆಡುತ್ತಿದ್ದ ಹುಡುಗಿಯ ತಾಯಿ ಟೀವಿಯ ಮುಂದೆ ಕೂರದೆ ಸೆರಗು ಸಿಕ್ಕಿಸಿ ಹುಳುಮನೆಗೆ ನಡೆದಳು. ಹಿಂದೆಯೇ ನಾನೂ ಹೋದೆ. ಅಂಥ ದಿನ ಒಳಗೆ ಫೋನು ತರಬಾರದೆಂಬುದು ಅವಳ ಕಟ್ಟಪ್ಪಣೆ. ಮುಯ್ಯಿಗೆ ನೆರೆಮನೆಯ ಮೂವರು ಹೆಂಗಸರು ಬಂದಿದ್ದರು. ಇವತ್ತು ನಮಗೆ ಅವರು, ನಾಳೆ ಅವರಿಗೆ ನಾವು. ಭಾವ ಅಂಗಳಕ್ಕೂ ಟೀವಿಗೂ ಓಡಾಡುತ್ತಿದ್ದರು.

ಎಂಟು ಗಂಟೆಯ ಹೊತ್ತು. ತಟ್ಟೆಯ ಮೇಲೆ ತಟ್ಟೆ ಜೋಡಿಸಿದ್ದ ಸ್ಟ್ಯಾಂಡಿನ ಈ ಕಡೆ ಕೂತು ನಾನು ಹುಳು ಆಯುತ್ತಿದ್ದೆ. ಅದೇ ತಟ್ಟೆಗೆ ಆ ಕಡೆಯಿಂದ ಒಂದು ಎಡಗೈ ಬಂದು ಆಯುತ್ತಿತ್ತು. ಕಿರುಬೆರಳು ಸೊಟ್ಟ. ಕನಕಪುರದ ಮೈದಾನದಲ್ಲಿ ಕ್ಯಾಚು ಹಿಡಿಯಲು ಹೋಗಿ ಮುರಿದುಕೊಂಡಿದ್ದು, ಆಸ್ಪತ್ರೆಗೆ ಕರೆದುಕೊಂಡು ಹೋದವಳೇ ನಾನು. ಆ ಮನೆಯಲ್ಲಿ ಆ ಕೈಯನ್ನು ನೋಡಿ ನೋಡಿ ಎಷ್ಟು ಅಭ್ಯಾಸವೆಂದರೆ, ನನಗೆ ಏನೂ ಅನಿಸಲಿಲ್ಲ.

"ಚಂದ್ನಾ, ಆ ಮೂಲೇವೂ ತೆಗಿ" ಎಂದೆ.

ಕೈ ಮೂಲೆಗೆ ಹೋಯಿತು. ಹತ್ತು ಹನ್ನೆರಡು ಹುಳುವನ್ನು ನಿಧಾನವಾಗಿ ಎತ್ತಿಕೊಂಡಿತು. ಆಮೇಲೆ ನನಗೆ ನೆನಪಾಯಿತು, ಚಂದನಾ ಇರುವುದು ಆಸ್ಟ್ರೇಲಿಯಾದಲ್ಲಿ ಎಂದು. ಎದ್ದು ಆ ಕಡೆಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿದ್ದ ಚಂದ್ರಿಕೆ ಮುಕ್ಕಾಲು ತುಂಬಿತ್ತು, ಅದೂ ಹೊರ ಸುತ್ತಿನಿಂದ ಒಳಕ್ಕೆ. ನಾವೆಲ್ಲ ನಡುವಿನಿಂದ ಹೊರಕ್ಕೆ ತುಂಬುತ್ತೇವೆ. ಉಲ್ಟಾ ತುಂಬಿ ಚಿಕ್ಕಂದಿನಿಂದಲೂ ಬೈಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ.

ಬಾಗಿಲಿಗೆ ಬಂದ ಅಕ್ಕನಿಗೆ ಹೇಳಿದೆ. ಅವಳು ಚಂದ್ರಿಕೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ಬಂದಿರ್ತಾಳೆ ಬುಡು. ಹುಳ ಹಣ್ಣಾದಾಗ ಅವ್ಳು ಯಾವತ್ತು ತಪ್ಪಿಸ್ಕಂಡವ್ಳೆ?" ಎಂದು ಮುಂದಿನ ತಟ್ಟೆಗೆ ಕೈ ಹಾಕಿದಳು.

ಅಷ್ಟರಲ್ಲಿ ಭಾವ ಓಡಿ ಬಂದರು. "ವಿಕೆಟ್ ತಗಂಡ್ಲು ಕಣಮ್ಮಿ, ನಮ್ಮುಡ್ಗಿ ವಿಕೆಟ್ ತಗಂಡ್ಲು" ಎನ್ನುತ್ತ ಚಂದ್ರಿಕೆ ಹಿಡಿದುಕೊಂಡೇ ಅತ್ತರು.

ಆಮೇಲೆ ಮ್ಯಾಚಿನ ಆ ಭಾಗವನ್ನು ಎಷ್ಟೋ ಸಲ ನೋಡಿದ್ದೇನೆ. ಮೊದಲ ಓವರಿನಲ್ಲಿ ನಾಲ್ಕು ವೈಡು. ನಾಯಕಿ ಅವಳನ್ನು ದೂರ ಬೌಂಡರಿಗೆ ಕಳಿಸುತ್ತಾಳೆ. ತುಂಬ ಹೊತ್ತಾದ ಮೇಲೆ ಚೆಂಡು ಮತ್ತೆ ಅವಳಿಗೆ ಬರುತ್ತದೆ. ಚಂದನಾ ಅಂಗೈ ನೋಡಿಕೊಳ್ಳುತ್ತಾಳೆ, ಬೆರಳು ಬಿಚ್ಚಿ ಮಡಿಸುತ್ತಾಳೆ, ಓಡಿ ಬರುತ್ತಾಳೆ. ಚೆಂಡು ಸಲೀಸಾಗಿ ಕೈ ಬಿಟ್ಟು ಹೋಗುತ್ತದೆ. ಅವತ್ತು ತಂಡ ಸೋತಿತು, ಆದರೆ ಅವಳು ಉಳಿದುಕೊಂಡಳು. ಈಗಲೂ ಆಡುತ್ತಿದ್ದಾಳೆ.

ನನ್ನ ಬುದ್ಧಿ ಸುಮ್ಮನಿರಲಿಲ್ಲ. ಮುಯ್ಯಿಗೆ ಬಂದಿದ್ದ ಮೂವರನ್ನೂ ಬೇರೆ ಬೇರೆಯಾಗಿ ಕರೆದು ಕೇಳಿದೆ. ಆ ಹೊತ್ತಿಗೆ ಮೂವರೂ ಅಂಗಳದಲ್ಲಿ ಚಂದ್ರಿಕೆ ಜೋಡಿಸುತ್ತಿದ್ದರಂತೆ. ಅವರ ಕೈಗಳನ್ನೂ ನೋಡಿದೆ, ನಾಚಿಕೆ ಬಿಟ್ಟು. ಯಾರ ಬೆರಳೂ ಸೊಟ್ಟಗಿರಲಿಲ್ಲ, ಯಾರೂ ಎಡಚರಲ್ಲ. ಚಂದನಾಳ ಚಿಂತೆಯಲ್ಲಿ ನನಗೇ ಹಾಗೆ ಕಂಡಿತೆಂದು ಒಪ್ಪಿಕೊಳ್ಳಲು ಸಿದ್ಧಳಿದ್ದೆ. ಆದರೆ ಚಂದ್ರಿಕೆ ತುಂಬಿದ್ದನ್ನು ಅಕ್ಕನೂ ನೋಡಿದ್ದಳು.

ಸಂಜೆ ಚಂದನಾಳ ಫೋನು ಬಂತು. ಸ್ಪೀಕರಿಗೆ ಹಾಕಿ ಕೂತೆವು. ಅವಳಿಗೆ ನಡೆದದ್ದನ್ನು ಹೇಳಬೇಡವೆಂದು ಅಕ್ಕನಿಗೆ ಮೊದಲೇ ತಾಕೀತು ಮಾಡಿದ್ದೆ. ಬೌಂಡರಿಯಲ್ಲಿ ನಿಂತಿದ್ದಾಗ ಇದ್ದಕ್ಕಿದ್ದಂತೆ ಅಂಗೈ ತಣ್ಣಗಾಯಿತೆಂದೂ, ಹಣ್ಣುಹುಳು ಹಿಡಿದಾಗ ಆಗುತ್ತದಲ್ಲ ಹಾಗೆ ಆಯಿತೆಂದೂ, ಆಮೇಲೆ ಬೆರಳು ಬಿಗಿಯಲೇ ಇಲ್ಲವೆಂದೂ ಹೇಳಿದಳು.

"ಅವ್ವ, ಹುಳ ಇವತ್ತೇ ಹಣ್ಣಾದ್ವಾ?"

"ಹೂಂ ಕಣ್ ಮಗಾ."



"ಚಿಕ್ಕವ್ವ ಅಲ್ಲವ್ಳಾ? ಬೆಳಿಗ್ಗೆ ನನ್ನ ಹೆಸ್ರಿಡ್ದು ಕರುದ್ಲಾ?"

ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟಳು.

"ಹೂಂ, ಕರೆದೆ" ಎಂದೆ. ಅಷ್ಟು ನಿಜ.