ಗಿಟಾರಿಗೆ ಸೀರೆ ಸುತ್ತಿದ್ದು

ನಮ್ಮ ವಠಾರದಲ್ಲಿ ಬಾಡಿಗೆಗಿದ್ದ ರವಿ, ಶಿಮ್ಲಾದಲ್ಲಿ ಕೆಲಸಕ್ಕಿದ್ದ ಅವರಣ್ಣನ ಗಿಟಾರನ್ನು ಲಾರಿ ಪಾರ್ಸೆಲ್ಲಿನಲ್ಲಿ ಕಳಿಸಬೇಕಿತ್ತು. "ಅಜ್ಜಿ, ಅಲ್ಲಿ ಹಿಮ ಬೀಳ್ತಿದೆಯಂತೆ. ಚಳಿಗೆ ಮರ ಸೀಳಿದ್ರೆ ನಮ್ಮಣ್ಣ ನನ್ನನ್ನೇ ಸೀಳ್ತಾನೆ" ಅಂತ ಅಳೋ ಹಾಗಾಗಿದ್ದ.

ಮಗ್ಗದ ಮನೇಲೇ ಕೂದಲು ನರೆಸಿಕೊಂಡವಳು ನಾನು. ಬಿಗಿದ ಎಳೆ ಚಳಿಗೆ ಪಟ್ಟಂತ ಹೋಗುತ್ತೆ ಅನ್ನೋದು ನನಗೆ ಗೊತ್ತಿಲ್ವೇ? ತಂತಿಯೆಲ್ಲಾ ಸಡಿಲ ಮಾಡಿಸಿ, ನನ್ನ ಹಳೇ ಸೀರೆ ಆರು ತಂದು ಸುತ್ತಿ, ಪೆಟ್ಟಿಗೇಲಿ ಮಲಗಿಸಿದೆ. ಪಾರ್ಸೆಲ್ ಆಫೀಸಿಗೂ ರವಿ ಜೊತೇಲೇ ಹೋದೆ.

ಅಲ್ಲಿನ ಗುಮಾಸ್ತ ಪೆಟ್ಟಿಗೆ ತೆಗೆಸಿ, "ಸೀರೆಗೆ ಬಿಲ್ ಎಲ್ಲಿ? ಚೆಕ್‌ಪೋಸ್ಟಲ್ಲಿ ಲಾರಿ ಹಿಡೀತಾರೆ" ಅಂದ. ಸೀರೆ ನೇಯ್ಗೆಗೇ ಹೆಸರಾದ ನಮ್ಮ ದೊಡ್ಡಬಳ್ಳಾಪುರದಲ್ಲಿ ಪೆಟ್ಟಿಗೆ ತುಂಬಾ ಸೀರೆ ಕಂಡವನು ಮಾರೋ ಸರಕು ಅಂತಲ್ಲದೆ ಬೇರೇನು ತಾನೇ ಅಂದುಕೊಂಡಾನು?

"ಉಟ್ಟು ಹಳೇದಾದ ಸೀರೆಗೆ ಯಾತರ ಬಿಲ್ಲಪ್ಪಾ?"

"ಉಟ್ಟಿದ್ದೋ ಹೊಸದೋ, ನನಗೇನು ಗೊತ್ತು? ಬಿಚ್ಚಿ ತೋರಿಸಜ್ಜಿ."

ಒಂದೊಂದೇ ಬಿಚ್ಚಿದೆ. "ನೋಡು, ಇದು ಸಾರಿನ ಕಲೆ. ಇದು ನಾನೇ ಹಾಕಿದ ತೇಪೆ. ಎಲ್ಲಾ ನನ್ನವೇ ಕಣಪ್ಪಾ, ಶಿಮ್ಲಾಗೆ ಹೊರಟಿವೆ!" ಅಂತ ಕೂಗಿದೆ. ಅವನು ನಾಚಿಕೊಂಡು ಸೀಲು ಒತ್ತಿದ. ಹಿಂದೆ ನಿಂತಿದ್ದ ನಮ್ಮ ಬೀದಿ ಜಯಮ್ಮ ಮಾತ್ರ ತನ್ನ ಪಾರ್ಸೆಲ್ಲನ್ನು ಅಲ್ಲೇ ಬಿಟ್ಟು ಓಡಿದಳು.

ನಾನು ಮನೆ ಸೇರೋ ಹೊತ್ತಿಗೆ, ಮುದುಕಿ ರವಿ ಜೊತೆ ಓಡಿಹೋಗೋಕೆ ಸೀರೆಗಳನ್ನ ಮುಂಚೇನೇ ಕಳಿಸಿದ್ದಾಳೆ ಅಂತ ಬೀದಿಯೆಲ್ಲಾ ಸುದ್ದಿ.

ಗಿಟಾರು ಒಂದು ಗೀರೂ ಬೀಳದೆ ತಲುಪಿತಂತೆ. ಬಿರುಕು ಬಿಟ್ಟಿದ್ದು ನನ್ನ ಮಾನ. ಜಯಮ್ಮನ ಮೇಲೆ ಕೋಪವೇನಿಲ್ಲ. ಆದರೆ ಯಾವತ್ತು ಓಡ್ತೀವಿ, ಯಾವ ಬಸ್ಸಿಗೆ ಹೋಗ್ತೀವಿ ಅಂತ ಅವಳು ಒಂದನ್ನೂ ಹೇಳಿರಲಿಲ್ಲ. ಅಂಥಾ ಸುದ್ದಿ ನನ್ನ ಕೈಗೆ ಸಿಕ್ಕಿದ್ದರೆ, ಹೀಗೆ ಅರೆಬೆಂದದ್ದು ಬಡಿಸ್ತಿದ್ದೆನೇ?